ಕಡಲಾಚೆಯ ಓದು

ಕಳೆದ ಮಳೆಗಾಲದ ಒಂದು ಸಂಜೆ, ಕೊಡಚಾದ್ರಿಯು ಮಂಜಿನಲ್ಲಿ ಮರೆಯಾಗಿದ್ದ ಹೊತ್ತಿನಲ್ಲಿ, ದಿವಂಗತನಾದ ನನ್ನ ತಮ್ಮನ ಮಗಳು ನಿಟ್ಟೂರಿನ ಮನೆಯ ಜಗುಲಿಯಲ್ಲಿ ನನ್ನೆದುರು ಬಂದು ಕುಳಿತಳು. ಹೆಚ್ಚಿನ ಓದಿಗಾಗಿ ಅಮೆರಿಕಕ್ಕೆ ಹೋಗಬೇಕೆಂಬುದು ಅವಳ ಆಸೆ. ಅದಕ್ಕೆ ಅಡಕೆತೋಟದ ಮೇಲೆ ಸಾಲವೆತ್ತಬೇಕು. ತೋಟವು ಸಮಷ್ಟಿಯದಾದುದರಿಂದ ನನ್ನ ರುಜು ಬೇಕು.

“ಎಷ್ಟೋ ಜನ ಹೋಗುತ್ತಾರೆ, ದೊಡ್ಡಪ್ಪ” ಎಂದಳು. “ಎಷ್ಟೋ” ಎಂಬ ಮಾತಿನಿಂದ ಮೇಷ್ಟರಾಗಿದ್ದವನಿಗೆ ತೃಪ್ತಿಯಾದೀತೆ? ಲೆಕ್ಕ ತೋರಿಸೆಂದೆ.

ಮರುದಿನವೇ ಒಂದು ಹಾಳೆಯಲ್ಲಿ ಬರೆದು ತಂದಳು. 2023-24ರಲ್ಲಿ ಅಮೆರಿಕದವರ ಎಣಿಕೆಯಂತೆ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602, ಚೀನದವರು 2,77,398. ಮೊದಲ ಸ್ಥಾನ ನಮ್ಮದೇ. ಒಂದು ಗಳಿಗೆ ನನಗೂ ಹೆಮ್ಮೆಯೆನಿಸಿದುದು ಸುಳ್ಳಲ್ಲ. ಆದರೆ ಭಾಜ್ಯವನ್ನು ಕಂಡವನು ಭಾಜಕವನ್ನೂ ಕೇಳಬೇಕಷ್ಟೆ. 2021-22ರ ಗಣತಿಯಲ್ಲಿ ನಮ್ಮ ದೇಶದೊಳಗೆ ಉನ್ನತ ವ್ಯಾಸಂಗದಲ್ಲಿದ್ದವರು 4.33 ಕೋಟಿ, 2024ರಲ್ಲಿ ಹೊರದೇಶಗಳಲ್ಲಿದ್ದ ನಮ್ಮ ವಿದ್ಯಾರ್ಥಿಗಳು 13 ಲಕ್ಷಕ್ಕೆ ಮೇಲ್ಪಟ್ಟು. ವರ್ಷಗಳು ಬೇರೆಯಾದರೂ, ಸ್ಥೂಲವಾಗಿ ನೂರಕ್ಕೆ ಮೂವರು! ಯೂರೋಪಿನ ಪುಟ್ಟ ಲಕ್ಸೆಂಬರ್ಗಿನಲ್ಲಾದರೋ ಹೊರಗೆ ಓದುವವರೇ ಬಹುಮಂದಿ. ಅಲ್ಲಿ ವಿಶ್ವವಿದ್ಯಾಲಯ ಹುಟ್ಟಿದುದೇ 2003ರಲ್ಲಿ. ನಮ್ಮ ಮೈಸೂರಿನದು 1916ರದು. ಆದುದರಿಂದ ಸಂಖ್ಯೆಯೊಂದನ್ನೇ ನೋಡಿ ಇದು ಸಾಹಸವೋ ಕೊರತೆಯೋ ಎಂದು ನಿರ್ಣಯಿಸಲಾಗದು.

ಬರುವವರ ಲೆಕ್ಕವನ್ನೂ ಕೇಳಿದೆ. 2021-22ರಲ್ಲಿ ಭಾರತಕ್ಕೆ ಓದಲು ಬಂದಿದ್ದ ಪರದೇಶೀಯರು 46,878. ಅವರಲ್ಲಿ ನೇಪಾಳದವರೇ ಹೆಚ್ಚು. ಏಳನೆಯ ಶತಮಾನದಲ್ಲಿ ಚೀನದ ಹ್ಯೂಯೆನ್ ತ್ಸಾಂಗನು ನಾಳಂದಕ್ಕೆ ಬಂದು ಓದಿದ ದೇಶವಿದು. ಈ ಅಂಕೆಯ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ಮನಾದೆ.

ಹೋಗಬಾರದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ನೆರೆಯ ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ ಹುಟ್ಟಿ, ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿಗೆ ಹೋಗಿ, 1966ರಲ್ಲಿ ಡಾಕ್ಟರೇಟು ಪಡೆದರು. ಅಲ್ಲಿ ಕುಳಿತೇ ಅವರು ‘ಸಂಸ್ಕಾರ’ವನ್ನು ಬರೆದರು; ಬರೆದುದು ನಮ್ಮ ಅಗ್ರಹಾರದ ಕಥೆಯನ್ನು. ಬಳಿಕ ಮೈಸೂರಿಗೆ ಮರಳಿ ಪಾಠ ಹೇಳಿದರು. ದೂರ ಹೋದವನಿಗೆ ಊರು ಹೆಚ್ಚು ಸ್ಪಷ್ಟವಾಗಿ ಕಾಣುವುದೂ ಉಂಟು.

ಆದರೆ ಮಗುವಿನ ಹಾಳೆಯಲ್ಲಿ ಹೋದವರ ಸಾಲಿತ್ತು, ಬಂದವರ ಸಾಲಿತ್ತು. ಹೋಗಿ ಮರಳಿದವರ ಸಾಲು ಇರಲಿಲ್ಲ. ಅವಳ ತಾಯಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಅದೊಂದೇ ಲೆಕ್ಕವೆಂದು ನಾನು ಬಲ್ಲೆ.

ಹನ್ನೆರಡನೆಯ ವಯಸ್ಸಿನಲ್ಲಿ ನಾನು ಪಾಠಶಾಲೆಗೆ ಹೊರಟಾಗ ನನ್ನ ತಾಯಿ ದಣಪೆಯವರೆಗೆ ಬಂದು, “ಹಬ್ಬಕ್ಕೆ ಬರುತ್ತೀಯಲ್ಲ?” ಎಂದಷ್ಟೇ ಕೇಳಿದ್ದಳು. ಕಾಗದಕ್ಕೆ ರುಜು ಹಾಕಿ ಮಗುವಿನ ಕೈಗಿತ್ತಾಗ ನಾನೂ ಅಷ್ಟನ್ನೇ ಕೇಳಿದೆ.