ಕರ್ಜತದ ಮಳೆ, ಬದ್ಲಾಪುರದ ನೆರೆ

ನಮ್ಮ ಡೊಂಬಿವಲಿಯವರನ್ನು "ನಿಮ್ಮೂರಿನ ನದಿ ಯಾವುದು?" ಅಂತ ಕೇಳಿ ನೋಡಿ. ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಲೋಕಲ್ ಮುಂಬ್ರಾ ದಾಟುವಾಗ ಕಿಟಕಿಯಾಚೆ ಕಾಣುವ ಅಗಲವಾದ ನೀರಿಗೆ ಎಲ್ಲರೂ 'ಖಾಡಿ' ಎಂದುಬಿಡುತ್ತಾರೆ. ಅದು ಉಲ್ಹಾಸ ನದಿ ಸ್ವಾಮಿ! ಖಂಡಾಲಾದ ಹತ್ತಿರ ರಾಜಮಾಚಿಯ ಗುಡ್ಡಗಳಲ್ಲಿ ಹುಟ್ಟಿ, ಕರ್ಜತ, ನೇರಳ, ವಾಂಗಣಿ, ಬದ್ಲಾಪುರ ಎಂದು ನಮ್ಮ ರೈಲಿನ ಸ್ಟೇಶನ್ನುಗಳನ್ನೇ ಒಂದೊಂದಾಗಿ ಹಿಡಿದುಕೊಂಡು ಬರುತ್ತದೆ. ಭಾತಸಾವನ್ನು ಸೇರಿಸಿಕೊಂಡು ಬಂದ ಕಾಳೂ ನದಿ ಕಲ್ಯಾಣದ ಹತ್ತಿರ ಇದನ್ನು ಕೂಡುತ್ತದೆ. ಆಮೇಲೆ ವಸಯಿ ಖಾಡಿ, ಸಮುದ್ರ.

ನಾನು ಜಮಖಂಡಿ ತಾಲ್ಲೂಕಿನವನು, ಕೃಷ್ಣೆಯ ದಂಡೆಯ ಊರು. ನಮ್ಮಲ್ಲಿ ಹೊಳೆ ಏರುವುದು ನಮ್ಮ ಮಳೆಯಿಂದಲ್ಲ ಅಂತ ಸಣ್ಣ ಹುಡುಗರಿಗೂ ಗೊತ್ತು. ಮೇಲೆ ಚುರುಚುರು ಬಿಸಿಲು, ಕೆಳಗೆ ಹೊಳೆ ಒಂದೊಂದೇ ಮೆಟ್ಟಿಲು ನುಂಗುತ್ತಿರುತ್ತದೆ. ಮಳೆ ಬಿದ್ದದ್ದು ಮಹಾಬಳೇಶ್ವರದಲ್ಲಿ, ನೀರು ಬಿಟ್ಟದ್ದು ಕೊಯ್ನಾದಲ್ಲಿ. ಅಪ್ಪ ಸಂಜೆ ರೇಡಿಯೋಕ್ಕೆ ಕಿವಿ ಹಚ್ಚಿ ಕೂಡುತ್ತಿದ್ದುದು ಕೊಯ್ನಾದ ಸುದ್ದಿಗೆ, ಜಮಖಂಡಿಯ ಹವಾಮಾನಕ್ಕಲ್ಲ.

1981ರಲ್ಲಿ ಘಟ್ಟದ ಈಚೆ ಮಗ್ಗುಲಿಗೆ ಬಂದೆ. ಇಲ್ಲಿಯವರು ತಮ್ಮ ಗ್ಯಾಲರಿಯಲ್ಲಿ ನಿಂತು ತಮ್ಮ ಆಕಾಶ ನೋಡಿ ನೆರೆಯ ಅಂದಾಜು ಹಾಕುವುದು ನನಗೆ ಇವತ್ತಿಗೂ ಸೋಜಿಗ. ಕೃಷ್ಣೆಯಾದರೂ ನಮಗೆ ದಿನಗಟ್ಟಲೆ ಪುರಸತ್ತು ಕೊಡುತ್ತಾಳೆ. ಪಡುವಣಕ್ಕೆ ಇಳಿಯುವ ನದಿಗಳದ್ದು ಗಿಡ್ಡ ದಾರಿ, ಕಡಿದಾದ ಇಳಿಜಾರು. ಕರ್ಜತದಿಂದ ಬದ್ಲಾಪುರಕ್ಕೆ ರೈಲಿನಲ್ಲಿ ಸುಮಾರು 32 ಕಿ.ಮೀ. ಘಟ್ಟದಲ್ಲಿ ಸಂಜೆ ಸುರಿದದ್ದು ಬೆಳಗಾಗುವುದರೊಳಗೆ ಬಾಗಿಲಿಗೆ ಬಂದಿರುತ್ತದೆ. ಅದೇ ಹೊತ್ತಿಗೆ ಭರತ ಇದ್ದರೆ ಮುಗಿಯಿತು, ಖಾಡಿ ನೀರನ್ನು ಒಳಗೆ ತಗೊಳ್ಳುವುದಿಲ್ಲ.

2005ರ ಜುಲೈ 26 ಯಾರಿಗೆ ಮರೆತೀತು? ಸಾಂತಾಕ್ರೂಜ್ ಮಳೆಮಾಪಕದಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಅದೇ ದಿನ ಕೊಲಾಬಾದಲ್ಲಿ ಬರೇ 73! ಒಂದೇ ಊರಿನ ಎರಡು ತುದಿಗಳಲ್ಲಿ ಇಷ್ಟು ಅಂತರ. ನಡುವೆ ಎಲ್ಲಿ ಎಷ್ಟು ಬೀಳುತ್ತಿದೆ ಎಂದು ನೋಡಲು ಮುಂಬಯಿಯಲ್ಲಿ ಆಗ ಡಾಪ್ಲರ್ ರೇಡಾರ್ ಇರಲಿಲ್ಲ. ಇನ್ನು ಕರ್ಜತದ ಗುಡ್ಡಗಳನ್ನು ಕೇಳುವವರು ಯಾರು? ಕಲ್ಯಾಣ, ಬದ್ಲಾಪುರಗಳಲ್ಲೂ ನದಿ ಮನೆಗಳೊಳಗೆ ನುಗ್ಗಿತು. ಮರುದಿನದ ಪೇಪರಿನ ತುಂಬ ಮುಂಬಯಿಯೇ.

ಈಗ ಇದೆಲ್ಲ ಬರೆಯಲು ಕಾರಣ ನನ್ನ ಅಕ್ಕನ ಮಗ. ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷದ ಹಿಂದೆ ಒಂದು ದಿನ ಫೋನ್ ಮಾಡಿದ. "ಮಾಮಾ, ಬದ್ಲಾಪುರ ವೆಸ್ಟಿನ್ಯಾಗ ಒಂದು ಫ್ಲ್ಯಾಟ್ ನೋಡೇನ್ರಿ. ರಿವರ್ ವ್ಯೂ ಐತಿ. ನೀವೊಮ್ಮೆ ಬಂದು ನೋಡ್ರಿ."

ರಿವರ್ ವ್ಯೂ! ನಾನು ನೌಕರಿ ಮಾಡಿದ್ದು ಸರ್ವೇ ವಿಭಾಗದಲ್ಲಿ, ನಕ್ಷೆ ಬರೆಯುವ ಕೆಲಸ. ಟ್ರೇಸಿಂಗ್ ಪೇಪರಿನ ಮೇಲೆ ಕಾಂಟೂರ್ ಎಳೆದು ಎಳೆದು ಕಣ್ಣು ಹೋದವನು. ಹೋಗುವ ಮೊದಲು ಅವನನ್ನೇ ಕರೆದು ಕಂಪ್ಯೂಟರ್ ಮುಂದೆ ಕೂಡಿಸಿದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳಿಗೆ ಹಿಂದೆ ಸರಿಯುವ ಸೌಕರ್ಯ ಇದೆಯಲ್ಲ, ಅದನ್ನು ತೆಗೆಸಿದೆ. ಅವನು ನೋಡಿದ ಕಟ್ಟಡದ ಜಾಗದಲ್ಲಿ ಮೊದಲು ಗದ್ದೆ. ಗದ್ದೆಯ ನಡುವೆ ಬಾಗಿದ ಬಿಲ್ಲಿನಂಥ ಒಂದು ಹಸಿರು ಗೆರೆ. ಹುಡುಗ "ಕಾಲುವೆ ಇರಬೇಕ್ರಿ" ಅಂದ. ಅದು ನದಿ ಉಕ್ಕಿದಾಗ ಹಿಡಿಯುವ ದಾರಿ. ನದಿ ತನ್ನ ಹಳೆಯ ಹಾದಿಯನ್ನು ಮರೆಯುವುದಿಲ್ಲ, ಮೇಲಿನಿಂದ ನೋಡಿದರೆ ಅದು ಎದ್ದು ಕಾಣುತ್ತದೆ. (ನವಿ ಮುಂಬಯಿ ವಿಮಾನ ನಿಲ್ದಾಣದ ಜಾಗವನ್ನೂ ಹೀಗೆ ಹಿಂದೆ ಸರಿಸಿ ನೋಡಿ. ಗುಡ್ಡ ಕರಗಿದ್ದು, ಉಲ್ವೆ ನದಿಯ ದಿಕ್ಕನ್ನು ತಿರುಗಿಸಿದ್ದು ಎಲ್ಲ ಕಾಣುತ್ತದೆ. ಒಳ್ಳೆಯ ಟೈಂಪಾಸು!)

ಎತ್ತರ ತಿಳಿಯುವುದು ಮಾತ್ರ ಕಷ್ಟ. ನಾವು ಬಳಸುತ್ತಿದ್ದ 1:50,000ದ ಟೋಪೋಶೀಟಿನಲ್ಲಿ ಕಾಂಟೂರುಗಳ ನಡುವೆ 20 ಮೀಟರ್ ಅಂತರ. ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1 ಎರಡು ಕಣ್ಣಿನಿಂದ ನೋಡಿದಂತೆ ಜೋಡಿ ಚಿತ್ರ ತೆಗೆದು ದೇಶದ ಏರುತಗ್ಗಿನ ನಕ್ಷೆ ಕೊಟ್ಟಿತು. ದೊಡ್ಡ ಕೆಲಸವೇ. ಆದರೂ ಅದರಲ್ಲಿ ಕೆಲವು ಮೀಟರುಗಳ ಹೆಚ್ಚುಕಡಿಮೆ ಇರುತ್ತದೆ, ಕಟ್ಟಡದ ತಾರಸಿಯೂ ನೆಲದಂತೆ ಎಣಿಕೆಯಾಗುತ್ತದೆ. ಮನೆ ಮುಳುಗುವುದೋ ಉಳಿಯುವುದೋ ನಿರ್ಧಾರವಾಗುವುದು ಒಂದು ಮೀಟರಿನ ಒಳಗೆ. ಅದಕ್ಕೆ ವಿಮಾನದಿಂದ ಲೇಸರ್ ಬಿಟ್ಟು ಅಳೆಯುವ ಲಿಡಾರ್ ಬೇಕು, ಇಲ್ಲವೆ ನಮ್ಮಂಥವರು ಲೆವೆಲಿಂಗ್ ಸ್ಟಾಫ್ ಹಿಡಿದು ಕೆಸರಲ್ಲಿ ನಡೆಯಬೇಕು.

ಮಹಾರಾಷ್ಟ್ರದಲ್ಲಿ ನದಿಗೆ ಎರಡು ಗೆರೆ ಎಳೆಯುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು ರೇಖೆ. ನೀಲಿಯೊಳಗೆ ಕಟ್ಟುವಂತಿಲ್ಲ. ನೀಲಿ, ಕೆಂಪಿನ ನಡುವೆ ಷರತ್ತಿನ ಮೇಲೆ ಕಟ್ಟಬಹುದು. ಸೈಟಿನಲ್ಲಿ ಟೈ ಕಟ್ಟಿದ ಹುಡುಗ "ಸರ್, ನಮ್ಮದು ಬ್ಲೂ ಲೈನಿನ ಹೊರಗೆ" ಎಂದು ಎದೆಯುಬ್ಬಿಸಿದ. ಕೆಂಪು ಗೆರೆ ಎಲ್ಲಿದೆಯಪ್ಪ ಅಂದೆ. ಚಹಾ ತರಿಸಿದ! ನೂರು ವರ್ಷಕ್ಕೊಮ್ಮೆ ಎಂದರೆ ಮುಂದಿನ ನೂರು ವರ್ಷ ನಿಶ್ಚಿಂತೆ ಅಂತಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ. ಇಪ್ಪತ್ತು ವರ್ಷದ ಹೋಮ್ ಲೋನ್ ತೀರುವಷ್ಟರಲ್ಲಿ ಅದು ಐದರಲ್ಲಿ ಒಂದರ ಹತ್ತಿರ ಬರುತ್ತದೆ. ಅದೂ ಹಳೆಯ ಮಳೆಯ ಲೆಕ್ಕದಲ್ಲಿ.

"ನಾಕನೇ ಫ್ಲೋರ್ ಐತ್ರಿ ಮಾಮಾ, ಅಲ್ಲಿಗೇನ್ ನೀರು ಬರತೈತಿ?" ಅಂದ ಇವನು. ಲಿಫ್ಟಿನ ಮೋಟಾರು, ನೀರಿನ ಪಂಪು, ಮೀಟರ್ ಬಾಕ್ಸು, ನಿನ್ನ ಕಾರು ಎಲ್ಲ ಯಾವ ಫ್ಲೋರಿನಾಗ ಅದಾವಪ್ಪ ಅಂದೆ. ಸುಮ್ಮನಾದ.

ಹುಡುಗ ಇಂಜಿನಿಯರ್ ಅಲ್ಲವೇ, ಬಿಡಲಿಲ್ಲ. "ಸ್ಯಾಟಲೈಟ್ ಎಲ್ಲಾ ನೋಡತಾವಲ್ರಿ, ಮೊದಲೇ ಹೇಳೂದಿಲ್ಲೇನು?" ಎಂದು ವಾದಿಸಿದ. ನೋಡುತ್ತವೆ, ನಿಜ. ಜುಲೈ ಮೋಡದೊಳಗೆ ಸಾಮಾನ್ಯ ಕ್ಯಾಮೆರಾ ಕುರುಡು, ಆದರೆ ರೇಡಾರ್ ಉಪಗ್ರಹಕ್ಕೆ ಮೋಡವೂ ಇಲ್ಲ, ರಾತ್ರಿಯೂ ಇಲ್ಲ. ನಯವಾದ ನೀರಿನ ಮೈಗೆ ತಾಗಿದ ತರಂಗ ಆಚೆ ಜಾರಿ ಹೋಗುತ್ತದೆ, ಹಿಂತಿರುಗುವುದಿಲ್ಲ. ಹಾಗಾಗಿ ಚಿತ್ರದಲ್ಲಿ ನೆರೆ ಕಪ್ಪಗೆ ಕಾಣುತ್ತದೆ. 2012ರ ರಿಸ್ಯಾಟ್-1, ಯುರೋಪಿನ ಸೆಂಟಿನೆಲ್, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್ ಎಲ್ಲವೂ ಇದೇ ಜಾತಿ. ಆದರೆ ನಿಸಾರ್ ಮತ್ತೆ ಅದೇ ಹಾದಿಗೆ ಬರುವುದು 12 ದಿನಕ್ಕೆ. ಉಲ್ಹಾಸದ ನೆರೆ ಬಂದು ಇಳಿಯುವುದು ಒಂದೆರಡು ದಿನದಲ್ಲಿ. ಒತ್ತೊತ್ತಾದ ಕಟ್ಟಡಗಳ ನಡುವಿನ ನೀರನ್ನು ಗುರುತಿಸುವುದಂತೂ ರೇಡಾರಿಗೂ ಕಷ್ಟ. ಮುಂದಿನ ಸಲಕ್ಕೆ ಗೆರೆ ತಿದ್ದಲು ಈ ಚಿತ್ರ ಬಂಗಾರದಂಥದು. ಆ ರಾತ್ರಿಗೆ ಬೇಕಾದದ್ದು ಮೇಲಿನ ಗುಡ್ಡಗಳಲ್ಲಿ ಮಳೆಮಾಪಕ, ಹವಾಮಾನ ರೇಡಾರ್, ಮತ್ತು ಎರಡನ್ನೂ ಕೂಡಿಸಿ ಲೆಕ್ಕ ಹಾಕುವವರು.

2019ರ ಜುಲೈ 27ರ ಬೆಳಗಿನ ಜಾವ ವಾಂಗಣಿ-ಬದ್ಲಾಪುರದ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಲ್ಲಿ ನಿಂತಿತಲ್ಲ, ನಮ್ಮ ಕಡೆಯವರು ಮಿರಜಿಗೆ ಹೋಗಲು ಹಿಡಿಯುವ ಗಾಡಿ. ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ದಾಟಿಸಿದರು. ಪುಣ್ಯಕ್ಕೆ ಎಲ್ಲರೂ ಉಳಿದರು.

ಮುಂಬಯಿಗೆ 2020ರ ಜೂನಿನಲ್ಲಿ 'ಐಫ್ಲೋಸ್' ಎಂಬ ನೆರೆ ಮುನ್ಸೂಚನೆಯ ವ್ಯವಸ್ಥೆ ಬಂತು. ಯಾವ ವಾರ್ಡಿನಲ್ಲಿ ಎಷ್ಟು ನೀರು ನಿಲ್ಲಬಹುದು ಎಂದು ಹೇಳುವಂಥದು. ಸಂತೋಷ. ಬದ್ಲಾಪುರದ ಗಲ್ಲಿ ಮುಂಬಯಿಯ ವಾರ್ಡಲ್ಲ. ಉಲ್ಹಾಸ ಹರಿಯುವುದು ಎರಡು ಜಿಲ್ಲೆ ದಾಟಿ, ಹಲವು ನಗರಸಭೆ, ಮಹಾನಗರಪಾಲಿಕೆಗಳ ಮಗ್ಗುಲಲ್ಲಿ. ಒಬ್ಬರ ನಕ್ಷೆ ಮುಗಿಯುವಲ್ಲಿ ಇನ್ನೊಬ್ಬರದು ಶುರು. ನಮ್ಮ ಕರ್ನಾಟಕದಲ್ಲಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೊಂದು ಮಳೆಮಾಪಕ ಇಟ್ಟಿದ್ದಾರೆ ಎಂದು ಇಲ್ಲಿಯ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ. ಊರಿನ ಅಭಿಮಾನ ಅಂದುಕೊಳ್ಳುತ್ತಾರೆ. ಸ್ವಲ್ಪ ಅದೂ ಹೌದೆನ್ನಿ.

ಅಕ್ಕನ ಮಗ ಕೊನೆಗೆ ರೈಲಿನ ಪೂರ್ವಕ್ಕೆ, ಎತ್ತರದಲ್ಲಿ, ಒಂದು ಕೋಣೆ ಕಮ್ಮಿ ಇರುವ ಮನೆ ತಗೊಂಡ. ಅವನ ಹೆಂಡತಿ ನನ್ನನ್ನು ಕಂಡಾಗಲೆಲ್ಲ "ಅಲ್ಲಿ ಹೊಳಿ ಕಾಣತಿತ್ರಿ ಮಾಮಾ" ಅನ್ನುತ್ತಾಳೆ. ಆ ರಿವರ್ ವ್ಯೂ ಫ್ಲ್ಯಾಟನ್ನು ಕೊಂಡವನು ಇವನದೇ ಆಫೀಸಿನ ಹುಡುಗ. ಇವನು ಎಲ್ಲ ಹೇಳಿದ್ದಾನೆ, ನಕ್ಷೆಯನ್ನೂ ತೋರಿಸಿದ್ದಾನೆ. ಅವನು ಆ ದುಡ್ಡಿಗೆ ಬೇರೆಲ್ಲಿ ಸಿಗುತ್ತದೆ ಅಂದನಂತೆ. ಅದೂ ಸುಳ್ಳಲ್ಲ. ಈಗ ಮಳೆಗಾಲದಲ್ಲಿ ಇವನು ರಾತ್ರಿ ಮಲಗುವ ಮುಂಚೆ ಕರ್ಜತದ ಮಳೆ ಎಷ್ಟಾಯಿತೆಂದು ನೋಡಿ ಅವನಿಗೊಂದು ಮೆಸೇಜು ಹಾಕುತ್ತಾನೆ. ಕಳೆದ ಮಳೆಗಾಲದಲ್ಲಿ ಎರಡು ಸಲ ಆ ಹುಡುಗನ ಕಾರು ಇವನ ಬಿಲ್ಡಿಂಗಿನ ಮುಂದೆ ಬಂದು ನಿಂತಿತ್ತು.