ಬರೀ ‘ಬೇಕು’ ಅಂದರೆ ಸಾಲದು

ರಜೆಯಲ್ಲಿ ದುಬೈಯಿಂದ ಅಮ್ಮನನ್ನು ಕರೆದುಕೊಂಡು ಇಟಲಿಗೆ ಹೋಗಿದ್ದೆ. ಫ್ಲಾರೆನ್ಸ್‌ನ ಹೋಟೆಲಿನಲ್ಲಿ ರಾತ್ರಿ ಅಮ್ಮನಿಗೆ ಚಳಿಜ್ವರ. ಕೆಳಗೆ ಓಡಿದೆ. ಕೌಂಟರಿನಲ್ಲಿದ್ದ ಹಿರಿಯರಿಗೆ ಇಂಗ್ಲಿಷ್ ಬಾರದು. ನನಗೆ ಗೊತ್ತಿದ್ದ ‘ವೋಲ್ಯೊ’ ಸೇರಿಸಿ ಹೊದಿಕೆ ಕೇಳಿದೆ. ಅವರ ಮುಖ ಬಿಗಿಯಾಯ್ತು. ಆಮೇಲೆ ನಿಧಾನವಾಗಿ ತಿದ್ದಿದರು: “ವೊರ್ರೇಯ್ ಉನಾಲ್ತ್ರ ಕೊಪೆರ್ತ, ಪೆರ್ ಫವೋರೆ.”

‘ವೋಲ್ಯೊ’ ಅಂದ್ರೆ ‘ನನಗೆ ಬೇಕು’. ಅದೇ ಕ್ರಿಯಾಪದದ ಮೆತ್ತನೆಯ ರೂಪ ‘ವೊರ್ರೇಯ್’ – ‘ಬೇಕಾಗಿತ್ತು’ ಅಂತೀವಲ್ಲ, ಹಾಗೆ. ‘ಪೆರ್ ಫವೋರೆ’ ಅಂದ್ರೆ ದಯವಿಟ್ಟು. ಅವರಿಂದ ಏನಾದ್ರೂ ಕೆಲಸ ಆಗಬೇಕಿದ್ರೆ ‘ಪೊತ್ರೆಬ್ಬೆ’ ಅಂತ ಶುರು ಮಾಡಿ. ನಮ್ಮ ‘ಸ್ವಲ್ಪ ಮಾಡಿಕೊಡ್ತೀರಾ’ ಇದ್ದ ಹಾಗೆ.

ಬಾಕಿ ವಸೂಲಿಗೆ ಫೋನ್ ಮಾಡುವಾಗ ದಿನಾ ಪಾಲಿಸುವ ಮರ್ಯಾದೆ ಇದು. ಗಾಬರಿಯಲ್ಲಿ ಮರೆತಿದ್ದೆ. ಅವರು ಹೇಳಿಕೊಟ್ಟಂತೆಯೇ ಮತ್ತೆ ಕೇಳಿದೆ. ಎರಡು ಹೊದಿಕೆ ಬಂತು, ಕೇಳದೇ ಇದ್ದ ಬಿಸಿನೀರೂ ಬಂತು.