ಶಾಸನಗಳ ನಾಡಿನಲ್ಲಿ ನಿಂತ ಹೊಸ ವಾಹನ

ಮಲೆನಾಡು ಬಯಲುಸೀಮೆಯ ಕೈಹಿಡಿಯುವ ಎಡೆಯಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿವೆ. ಒಂದು ಮಗ್ಗುಲಲ್ಲಿ ಮೆಕ್ಕೆಜೋಳದ ಹೊಲ, ಇನ್ನೊಂದು ಮಗ್ಗುಲಲ್ಲಿ ಭತ್ತದ ಗದ್ದೆ, ಅಡಿಕೆಯ ತೋಟ, ಊರಿಗೊಂದು ಕೆರೆ. ಶಿಕಾರಿಪುರದ ಕಡೆ ಕುಮುದ್ವತಿ ಹರಿದರೆ ಸೊರಬದ ಮಗ್ಗುಲಲ್ಲಿ ದಂಡಾವತಿ. ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಇಲ್ಲಿಯೇ ಇರುವುದರಿಂದ ಶರಣರನ್ನು ನೆನೆಯುವವರಿಗೆ ಇದು ಪುಣ್ಯಭೂಮಿ. ಇತಿಹಾಸವನ್ನು ಓದುವವರಿಗೆ ಇದು ಶಾಸನಗಳ ನಾಡು.

ಈ ನಾಡನ್ನು ಒಮ್ಮೆ ನೋಡಬೇಕೆಂಬುದು ನಮ್ಮ ಅವ್ವನ ಬಹುದಿನದ ಬಯಕೆ. ಅವರು ಎಂಬತ್ತರ ಹೊಸ್ತಿಲಲ್ಲಿದ್ದಾರೆ. ಬಸ್ಸು ಹತ್ತಿಳಿಯುವ ಶಕ್ತಿ ಮೊಣಕಾಲುಗಳಿಗಿಲ್ಲ. ಬ್ಯಾಂಕಿನಲ್ಲಿ ಸಾಲ ಮಾಡಿ ನಾವು ಕಾರು ಕೊಂಡದ್ದೂ ಬಹುಮಟ್ಟಿಗೆ ಅವರಿಗಾಗಿಯೇ. ಆದರೆ ಕೊಂಡ ಎಂಟು ತಿಂಗಳಲ್ಲಿ ಅದು ಎರಡು ಬಾರಿ ನಡುದಾರಿಯಲ್ಲಿ ತಾನೇತಾನಾಗಿ ನಿಂತಿತ್ತು. ಎರಡು ಬಾರಿಯೂ ಮಾರಾಟಗಾರರ ಸರ್ವೀಸ್ ಕೇಂದ್ರದವರು ಪರೀಕ್ಷಿಸಿ, ದೋಷವೇನೂ ಕಾಣಲಿಲ್ಲವೆಂದು ಹಿಂದಿರುಗಿಸಿದ್ದರು. ಕಾಗದದ ಮೇಲೆ ಅವರು ಬರೆದುಕೊಟ್ಟದ್ದು ‘ಸಾಮಾನ್ಯ ತಪಾಸಣೆ’ ಎಂಬ ಎರಡೇ ಪದ. ಕಂತು ಮಾತ್ರ ತಿಂಗಳು ತಿಂಗಳೂ ತಪ್ಪದೆ ಕಟ್ಟಬೇಕಾಗಿತ್ತು.

ಅವ್ವನ ವಯಸ್ಸು ಕಾಯುವುದಿಲ್ಲವೆಂದು ಒಂದು ಮುಂಜಾನೆ ಶಿವಮೊಗ್ಗದಿಂದ ಹೊರಟೆವು. ಶಿಕಾರಿಪುರ ಐವತ್ತು ಕಿಲೋಮೀಟರಿನಷ್ಟು ದೂರ. ಹುಚ್ಚರಾಯಸ್ವಾಮಿಯ ದರ್ಶನವನ್ನು ಹಿಂದಿರುಗುವಾಗ ಮಾಡೋಣವೆಂದು ಊರಿನಲ್ಲಿ ನಿಲ್ಲದೆ ಶಿರಾಳಕೊಪ್ಪದ ದಾರಿ ಹಿಡಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಉಸಿರಿಲ್ಲದೆ ನಿಂತಿತು. ಎಂಜಿನ್ ನಿಂತಾಗ ಸ್ಟಿಯರಿಂಗ್ ಬಿಗಿಯಾಗುತ್ತದೆ. ಬ್ರೇಕನ್ನು ಎಂದಿಗಿಂತ ಬಲವಾಗಿ ಒತ್ತಬೇಕಾಗುತ್ತದೆ. ಮಗನು ಗಾಬರಿಗೊಳ್ಳದೆ ವಾಹನವನ್ನು ರಸ್ತೆಯ ಅಂಚಿಗೆ ತಂದು, ನಾಲ್ಕೂ ದೀಪ ಮಿನುಗುವಂತೆ ಮಾಡಿ, ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ ಇಟ್ಟು ಬಂದನು.

ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದ ರೈತರೊಬ್ಬರು ನಿಲ್ಲಿಸಿ, “ಯಾಕಮ್ಮಾ, ಬಿಸಿಲಾಗ ಕುಂತೀರಿ? ನಮ್ಮ ಮನಿ ಇಲ್ಲೇ ಐತಿ ಬರ್ರಿ” ಎಂದು ಅವ್ವನನ್ನು ಕರೆದರು. ಅವರ ಪಡಸಾಲೆಯಲ್ಲಿ ಮಜ್ಜಿಗೆ ಕುಡಿದು ದಣಿವಾರಿಸಿಕೊಂಡೆವು. ಅರ್ಧ ಗಂಟೆಯ ಬಳಿಕ ಕೀಲಿ ತಿರುಗಿಸಿದರೆ ಎಂಜಿನ್ ಏನೂ ಆಗದಂತೆ ಶುರುವಾಯಿತು! ಸೊಸೆ ಅಲ್ಲಿಯೇ ತನ್ನ ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದು ತಾರೀಖು, ವೇಳೆ, ಸ್ಥಳ, ಮೀಟರಿನ ಅಂಕಿ, ಎಷ್ಟು ಹೊತ್ತು ಎಡೆಬಿಡದೆ ಓಡಿತ್ತು, ಉಷ್ಣದ ಮುಳ್ಳು ಎಲ್ಲಿತ್ತು, ಎಷ್ಟು ಹೊತ್ತಿಗೆ ಮತ್ತೆ ಶುರುವಾಯಿತು ಎಂಬುದನ್ನೆಲ್ಲ ಬರೆದುಕೊಂಡಳು.

ಬಳ್ಳಿಗಾವಿಯ ಕೇದಾರೇಶ್ವರನ ಸನ್ನಿಧಿಯಲ್ಲಿ ಮೂರು ಗರ್ಭಗುಡಿಗಳು ಒಂದೇ ನವರಂಗಕ್ಕೆ ಮುಖಮಾಡಿವೆ. ಕಾಳಾಮುಖ ಯತಿಗಳ ಕೋಡಿಯ ಮಠ ಇಲ್ಲಿತ್ತು. ಆ ಮಠದಲ್ಲಿ ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ, ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ 1162ರ ಶಾಸನವೊಂದು ವಿವರವಾಗಿ ಹೇಳುತ್ತದೆ. ಊರೊಳಗಿನ ಎತ್ತರದ ಗಂಡಭೇರುಂಡ ಸ್ತಂಭವನ್ನು 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದನೆಂಬುದೂ ಬರಹದಿಂದಲೇ ತಿಳಿದ ಸಂಗತಿ. ಮಠದ ವೈಭವ ಇಂದಿಲ್ಲ, ಬರಹ ಉಳಿದಿದೆ.

ಸಮೀಪದ ತಾಳಗುಂದಕ್ಕೆ ಹೋದೆವು. ಪ್ರಣವೇಶ್ವರ ದೇಗುಲದ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ರಚಿಸಿದ ಐದನೆಯ ಶತಮಾನದ ಸಂಸ್ಕೃತ ಶಾಸನವಿದೆ. ವಿದ್ಯೆಗಾಗಿ ಕಂಚಿಗೆ ಹೋದ ಮಯೂರಶರ್ಮನಿಗೆ ಪಲ್ಲವರ ಕುದುರೆಯಾಳಿನೊಡನೆ ಜಗಳವಾಯಿತೆಂದೂ, ಆ ಅವಮಾನದಿಂದ ಅವನು ಶಸ್ತ್ರ ಹಿಡಿದನೆಂದೂ ಅದು ತಿಳಿಸುತ್ತದೆ. ಕದಂಬ ರಾಜ್ಯದ ಹುಟ್ಟಿಗೆ ಕಾರಣವಾದ ಆ ದೂರು ಕಲ್ಲಿನ ಮೇಲೆ ಕೂತಿದ್ದರಿಂದಲೇ ನಮ್ಮವರೆಗೆ ಬಂದಿದೆ. ಉಡುತಡಿಯಲ್ಲಿ ಅವ್ವ ಮಾತಿಲ್ಲದೆ ಬಹಳ ಹೊತ್ತು ಕುಳಿತಿದ್ದರು. ಈ ಮೂರೂ ಊರುಗಳ ನಡುವಿನ ದಾರಿ ಚಿಕ್ಕದು. ದಿನವಿಡೀ ಎಂಜಿನ್ ಒಮ್ಮೆಯೂ ತಕರಾರು ಮಾಡಲಿಲ್ಲ. ಸೊಸೆ ಅದನ್ನೂ ಬರೆದಳು.

ಸಂಜೆ ಸೊರಬದ ಕಡೆ ಹೊರಟು, ಆನವಟ್ಟಿಯ ಬಳಿ ಕೋಟಿಪುರದ ಕೈಟಭೇಶ್ವರ ದೇವಾಲಯದಲ್ಲಿ ಇಳಿದೆವು. ಸುಮಾರು 1100ರ ಕಾಲದ ಆ ವಿಶಾಲ ಮಂಟಪದ ನುಣುಪಾದ ಕಂಬಗಳಲ್ಲಿ ಸಂಜೆಯ ಬೆಳಕು ನೋಡುವಂಥದು. ರಾತ್ರಿ ಸೊರಬದಲ್ಲಿ ತಂಗಿದೆವು. ಶ್ರೀಗಂಧದಲ್ಲಿ ಕುಸುರಿ ಕೆತ್ತುವ ಗುಡಿಗಾರರಿಂದ ಹೆಸರಾದ ಊರಿದು. ಮರುದಿನ ಚಂದ್ರಗುತ್ತಿಯ ಬೆಟ್ಟದ ಗುಹೆಯಲ್ಲಿರುವ ರೇಣುಕಾಂಬೆಯ ಗುಡಿಗೆ ನಾವಷ್ಟೇ ಹತ್ತಿದೆವು. ಅವ್ವ ಕೆಳಗಿನಿಂದಲೇ ಕೈಮುಗಿದರು. ಅಲ್ಲಿಂದ ಎಲ್ಲಿಯೂ ನಿಲ್ಲದೆ ಹಿಂದಿರುಗುವಾಗ, ಶಿರಾಳಕೊಪ್ಪ ದಾಟುತ್ತಲೇ ವಾಹನ ಮತ್ತೆ ನಿಂತಿತು. ಮಡದಿಯ ಕಣ್ಣಲ್ಲಿ ನೀರಿತ್ತು. “ನನ್ನ ಸಲುವಾಗಿ ಸಾಲ ಮಾಡಿದಿರಲ್ಲೋ ತಮ್ಮಾ” ಎಂದು ಅವ್ವ ನಿಟ್ಟುಸಿರು ಬಿಟ್ಟರು.

ಆದರೆ ಪುಸ್ತಕ ತೆರೆದಾಗ ಒಂದು ಸಂಗತಿ ಸ್ಪಷ್ಟವಾಯಿತು. ಒಂದು ಗಂಟೆಗೂ ಹೆಚ್ಚು ಕಾಲ ಎಡೆಬಿಡದೆ ಓಡಿದಾಗ ಮಾತ್ರ ಎಂಜಿನ್ ನಿಲ್ಲುತ್ತಿತ್ತು. ಅರ್ಧ ಗಂಟೆ ಆರಿದರೆ ಶುರುವಾಗುತ್ತಿತ್ತು. ಉಷ್ಣದ ಮುಳ್ಳು ಎಂದೂ ಏರಿರಲಿಲ್ಲ, ಇಂಧನಕ್ಕೆ ಕೊರತೆಯಿರಲಿಲ್ಲ. ತಣ್ಣಗಿರುವ ವಾಹನವನ್ನು ಸರ್ವೀಸ್ ಕೇಂದ್ರದಲ್ಲಿ ಹತ್ತು ನಿಮಿಷ ಓಡಿಸಿ ನೋಡಿದರೆ ದೋಷ ಕಾಣುವುದಾದರೂ ಹೇಗೆ?

ಆ ಪುಟಗಳ ಪ್ರತಿಯನ್ನು ಮನವಿಯೊಡನೆ ಕೊಟ್ಟು, ನಮ್ಮ ದೂರನ್ನು ನಮ್ಮ ಮಾತುಗಳಲ್ಲಿಯೇ ಜಾಬ್ ಕಾರ್ಡಿನಲ್ಲಿ ಬರೆಸಿದೆವು. ಈ ಬಾರಿ ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿಕೊಂಡು ಒಂದೂವರೆ ಗಂಟೆ ಓಡಿಸಿದರು. ಎಂಜಿನ್ ಅವರ ಎದುರಿಗೇ ನಿಂತಿತು! ಕ್ರ್ಯಾಂಕ್ ದಂಡ ತಿರುಗುವ ವೇಗವನ್ನೂ ಸ್ಥಾನವನ್ನೂ ಎಂಜಿನ್ನಿನ ಗಣಕಕ್ಕೆ ತಿಳಿಸುವ ಒಂದು ಸಣ್ಣ ಸೆನ್ಸರ್ ಇರುತ್ತದೆ. ಕಾದಾಗ ಅದರ ಸಂಕೇತ ಕಡಿದುಹೋಗುತ್ತಿತ್ತು. ಸಂಕೇತ ಬಾರದಿದ್ದರೆ ಗಣಕವು ಇಂಧನವನ್ನು ನಿಲ್ಲಿಸಿಬಿಡುತ್ತದೆ. ಸೆನ್ಸರ್ ಆರಿದ ಮೇಲೆ ಎಲ್ಲವೂ ಸರಿ. ವಾರಂಟಿಯಲ್ಲಿಯೇ ಅದನ್ನು ಬದಲಿಸಿದರು. ಆ ಬಳಿಕ ವಾಹನ ನಿಂತಿಲ್ಲ.

ಹೊಸ ವಾಹನ ಪದೇ ಪದೇ ಕೆಟ್ಟರೆ ಎಲ್ಲರಿಗೂ ಇಷ್ಟು ಸುಲಭದ ಪರಿಹಾರ ದೊರೆಯಲಾರದು. ಅಂಥವರಿಗೆ ಕಾನೂನಿನ ಬಾಗಿಲು ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬದಲು 2019ರ ಹೊಸ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ನಡೆಸುತ್ತದೆ. ದೂರಿಗೆ ಕಾರಣ ಒದಗಿದ ಎರಡು ವರ್ಷದೊಳಗೆ ಹೋಗಬೇಕು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಉಂಟು. ಆದರೆ ಒಂದು ಭಾಗ ಕೆಟ್ಟ ಮಾತ್ರಕ್ಕೆ ಇಡೀ ವಾಹನವನ್ನು ಬದಲಿಸಿಕೊಡುವರೆಂದು ನೆಚ್ಚುವಂತಿಲ್ಲ. ಮಾರುತಿ ಉದ್ಯೋಗ ಸಂಸ್ಥೆಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ವಾರಂಟಿಯ ಷರತ್ತಿನಂತೆ ಕೆಟ್ಟ ಭಾಗವನ್ನು ದುರಸ್ತಿ ಮಾಡುವುದು ಅಥವಾ ಬದಲಿಸುವುದಷ್ಟೇ ತಯಾರಕರ ಹೊಣೆ ಎಂದು ಹೇಳಿದೆ. ತಯಾರಿಕೆಯಲ್ಲಿಯೇ ದೋಷವಿದೆ ಎನ್ನುವವರು ಅದನ್ನು ತೋರಿಸಬೇಕಾಗುತ್ತದೆ. ಆಗ ಆಯೋಗದ ಮುಂದೆ ನಮ್ಮ ಪರವಾಗಿ ಮಾತನಾಡುವುವು ತಾರೀಖುಳ್ಳ ಜಾಬ್ ಕಾರ್ಡುಗಳು, ಬಿಲ್ಲುಗಳು, ಕೊಟ್ಟ ಪತ್ರಗಳು ಮತ್ತು ತಜ್ಞರ ಪರೀಕ್ಷೆಯ ವರದಿ.

ನಮ್ಮ ಹಿರಿಯರು ದಾನ ಕೊಟ್ಟರೆ ಬಾಯಿಮಾತಿಗೆ ಬಿಡುತ್ತಿರಲಿಲ್ಲ. ಕಾಲ, ಕೊಟ್ಟವರ ಹೆಸರು, ಭೂಮಿಯ ಎಲ್ಲೆ ಇವನ್ನೆಲ್ಲ ಕಲ್ಲಿನಲ್ಲಿ ಕಂಡರಿಸಿ, ಕೊನೆಗೆ ಅಳಿಪಿದವರಿಗೆ ಶಾಪವನ್ನೂ ಬರೆಸುತ್ತಿದ್ದರು. ಶಾಪದ ಸಾಲೊಂದನ್ನು ಬಿಟ್ಟು ಉಳಿದುದನ್ನೆಲ್ಲ ನಾವು ಸರ್ವೀಸ್ ಕೇಂದ್ರದಲ್ಲಿ ಅನುಸರಿಸಬಹುದು. ದೂರು ಪೂರ್ಣವಾಗಿ ಬರೆಯದ ಜಾಬ್ ಕಾರ್ಡಿಗೆ ಸಹಿ ಹಾಕಬಾರದು. ಸಹಿ ಹಾಕಿದ ಮೇಲೆ ಪ್ರತಿ ಪಡೆಯದೆ ಬರಬಾರದು. ಹಿರಿಯರನ್ನು ಕರೆದುಕೊಂಡು ಈ ನಾಡಿಗೆ ಹೋಗುವ ಬಂಧುಗಳು ಎರಡು ದಿನ ಬಿಡುವು ಮಾಡಿಕೊಂಡು, ನೀರು, ಕೆಂಪು ತ್ರಿಕೋನ ಮತ್ತು ಒಂದು ಪುಟ್ಟ ಪುಸ್ತಕವನ್ನು ಜೊತೆಗಿಟ್ಟುಕೊಳ್ಳಲಿ. ಹುಚ್ಚರಾಯಸ್ವಾಮಿಯ ದರ್ಶನ ನಮಗೆ ಇನ್ನೂ ಬಾಕಿಯಿದೆ. ಬರುವ ಶ್ರಾವಣದಲ್ಲಿ ಹೋಗೋಣವೆಂದು ಅವ್ವ ಈಗಾಗಲೇ ಹೇಳಿಟ್ಟಿದ್ದಾರೆ.